ಶಿಕ್ಷೆ ಕೊಟ್ಟವರನ್ನೇ ನ್ಯಾಯ ಕೇಳಬೇಕೇ?

ಶಾಲಾ ಕಲೋತ್ಸವ ಬಂತೆಂದರೆ ನಮಗೆ ಅಪೀಲಿನ ತಲೆನೋವು. ಮೇಲಿನ ಹಂತಕ್ಕೆ ಹೋಗುವ ಅವಕಾಶ ತಪ್ಪಿದರೆ ಸಾಕು, ಹೆತ್ತವರು ಹಣ ಕಟ್ಟಿ ಅಪೀಲು ಹಾಕುತ್ತಾರೆ. ಅಲ್ಲೂ ಆಗದಿದ್ದರೆ ಕೋರ್ಟಿನ ಆದೇಶ ಹಿಡಿದು ಬರುವವರೂ ಉಂಟು! ಮಕ್ಕಳು ಮುಖಕ್ಕೆ ಬಣ್ಣ ಹಚ್ಚಿಕೊಂಡೇ ನಿದ್ದೆ ಹೋಗುವುದನ್ನು ಕಂಡು "ಇದಕ್ಕೆಲ್ಲ ಕೋರ್ಟು ಯಾಕೆ ಮಾರಾಯ್ರೆ" ಎಂದು ನಾವು ಎಷ್ಟು ಸಲ ಗೊಣಗಿದ್ದೇವೋ. ಅದೇ ಬಾಯಲ್ಲಿ ಇಂದು ಹೇಳುತ್ತೇವೆ, ಕ್ರಿಕೆಟಿಗ ಶ್ರೀಶಾಂತ್ ಕೋರ್ಟಿಗೆ ಹೋದದ್ದು ಸರಿ.

"ಮೋಸ ಮಾಡಿದವನಿಗೆ ಎಂಥ ಕೋರ್ಟು ಮಾಸ್ಟ್ರೆ? ಮಕ್ಕಳಿಗೆ ಇದನ್ನೇ ಕಲಿಸುವುದಾ?" ಎಂದು ಸ್ಟಾಫ್ ರೂಮಿನಲ್ಲಿ ಕೇಳಿದವರಿದ್ದಾರೆ. ಅವರಿಗೇ ಈ ಉತ್ತರ.

2013ರ ಮೇ 9ರಂದು ಮೊಹಾಲಿಯ ಐಪಿಎಲ್ ಪಂದ್ಯದಲ್ಲಿ ಶ್ರೀಶಾಂತ್ ಸೊಂಟಕ್ಕೆ ಟವೆಲ್ ಸಿಕ್ಕಿಸಿಕೊಂಡು, ಮೊದಲೇ ಮಾತಾದಂತೆ ಒಂದು ಓವರಿನಲ್ಲಿ ರನ್ ಬಿಟ್ಟುಕೊಡಲು ಹೊರಟರು ಎಂಬುದು ಆರೋಪ. ಒಂದೇ ವಾರದಲ್ಲಿ ಬಂಧನ. ಸೆಪ್ಟೆಂಬರಿನಲ್ಲಿ ಕ್ರಿಕೆಟ್ ಮಂಡಳಿಯ ಶಿಸ್ತು ಸಮಿತಿ ಆಜೀವ ನಿಷೇಧ ಹೇರಿತು. ಆಗ ಅವರಿಗೆ 30 ವರ್ಷ.

ಆ ಸಮಿತಿಯಲ್ಲಿ ಇದ್ದವರಾದರೂ ಯಾರು? ಮೂವರಲ್ಲಿ ಒಬ್ಬರು ಎನ್. ಶ್ರೀನಿವಾಸನ್. ಚೆನ್ನೈ ತಂಡ ಅವರ ಕಂಪನಿಯದ್ದು, ಅದೇ ಋತುವಿನ ಬೆಟ್ಟಿಂಗ್ ಪ್ರಕರಣದಲ್ಲಿ ಬಂಧನವಾದದ್ದು ಅವರದೇ ಅಳಿಯ! ಪ್ರಕರಣ ಮುಚ್ಚಿಹಾಕಿದರೆಂಬ ಆರೋಪ ಶ್ರೀನಿವಾಸನ್ ಮೇಲೆ ಸಾಬೀತಾಗಲಿಲ್ಲ, ಒಪ್ಪೋಣ. ಆದರೂ ಇಂಥ ಪೀಠದ ಮುಂದೆ ನಿಂತವನು ಹೊರಗಿನ ಇನ್ನೊಂದು ಬಾಗಿಲು ತಟ್ಟಬಾರದೇ?

ಲೀಗು ಖಾಸಗಿ, ಸಹಿ ಹಾಕಿ ಆಡಿದವನು ಅದರ ನಿಯಮಕ್ಕೆ ತಲೆಬಾಗಬೇಕು ಎನ್ನುತ್ತೀರಿ. ಒಂದು ಅಂಗಡಿಯಲ್ಲಿ ಕೆಲಸ ಹೋದರೆ ಪಕ್ಕದ ಅಂಗಡಿ ಇದೆ. ಕ್ರಿಕೆಟಿನಲ್ಲಿ ಅಂಗಡಿ ಇರುವುದೇ ಒಂದು. 2017ರಲ್ಲಿ ದೂರದ ಸ್ಕಾಟ್ಲೆಂಡಿನ ಕ್ಲಬ್ಬಿಗೆ ಆಡಲೂ ಮಂಡಳಿ ಅನುಮತಿ ಕೊಡಲಿಲ್ಲ.

ನಮ್ಮ ಕಡೆ ಹಲವರು ಸುಪ್ರೀಂ ಕೋರ್ಟು ಶ್ರೀಶಾಂತರನ್ನು ನಿರ್ದೋಷಿ ಎಂದಿತು ಎಂದೇ ತಿಳಿದಿದ್ದಾರೆ. ಅಲ್ಲ. 2015ರಲ್ಲಿ ದೆಹಲಿಯ ವಿಚಾರಣಾ ನ್ಯಾಯಾಲಯ ಕ್ರಿಮಿನಲ್ ಕೇಸಿನಿಂದ ಬಿಡುಗಡೆ ಮಾಡಿತ್ತು, ನಿಜ. 2017ರ ಆಗಸ್ಟಿನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ನಿಷೇಧವನ್ನೇ ರದ್ದುಮಾಡಿತು, ಅಕ್ಟೋಬರಿನಲ್ಲಿ ವಿಭಾಗೀಯ ಪೀಠ ಅದನ್ನು ಮತ್ತೆ ಊರ್ಜಿತಗೊಳಿಸಿತು. 2019ರ ಮಾರ್ಚ್ 15ರಂದು ಸುಪ್ರೀಂ ಕೋರ್ಟು ತಪ್ಪಿತಸ್ಥನೆಂಬ ತೀರ್ಮಾನವನ್ನು ಮುಟ್ಟಲೇ ಇಲ್ಲ. ಅದು ಕೇಳಿದ್ದು ಬೇರೆ: ನಿಮ್ಮದೇ ನಿಯಮದಲ್ಲಿ 5 ವರ್ಷದಿಂದ ಹಿಡಿದು ಆಜೀವದವರೆಗೆ ಶಿಕ್ಷೆಗೆ ಅವಕಾಶವಿದೆ, ಹೆಚ್ಚು ಕಡಿಮೆ ಮಾಡುವ ಅಂಶಗಳನ್ನು ತೂಗಿ ನೋಡಬೇಕೆಂದೂ ಇದೆ, ತೂಗದೆ ಗರಿಷ್ಠ ಶಿಕ್ಷೆ ಕೊಟ್ಟದ್ದು ಹೇಗೆ? ಮತ್ತೆ ಯೋಚಿಸಿ ಎಂದಿತು. ಮಂಡಳಿಯ ಒಂಬುಡ್ಸ್‌ಮನ್ ಅದನ್ನು 7 ವರ್ಷಕ್ಕೆ ಇಳಿಸಿದರು.

ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದ ಮಗುವನ್ನು ನಾವು ಎಬ್ಬಿಸಿ ಕಳಿಸುತ್ತೇವೆ. ಇನ್ನು ಬದುಕಿಡೀ ಪುಸ್ತಕ ಮುಟ್ಟಬೇಡ ಎನ್ನುತ್ತೇವೆಯೇ? ಹಾಗೆ ಅನ್ನುವ ಹೆಡ್‌ಮಾಸ್ಟ್ರು ಇದ್ದರೆ, ಆ ಮಗುವಿನ ಅಪ್ಪನನ್ನು ಕೋರ್ಟಿಗೆ ಕರೆದುಕೊಂಡು ಹೋಗುವವರು ನಾವೇ.

ಶ್ರೀಶಾಂತ್ ಮತ್ತೆ ಕೇರಳಕ್ಕೆ ಆಡಿದ್ದು 2021ರ ಜನವರಿಯಲ್ಲಿ, 37ನೇ ವಯಸ್ಸಿನಲ್ಲಿ. ಮರುವರ್ಷ ನಿವೃತ್ತಿ. ಇಷ್ಟಕ್ಕೆ ಇಷ್ಟು ಹೋರಾಟವಾ ಎನ್ನಬೇಡಿ. ಅದೇ ದಿನ ಆಜೀವ ನಿಷೇಧಕ್ಕೊಳಗಾದ ಇನ್ನೊಬ್ಬರಿದ್ದರು, ಮುಂಬಯಿಯ ಅಂಕಿತ್ ಚವಾಣ್. ವಿಶ್ವಕಪ್ ಆಡಿದವರಲ್ಲ, ಹೆಸರೂ ಹೆಚ್ಚಿನವರಿಗೆ ಗೊತ್ತಿಲ್ಲ. 2021ರಲ್ಲಿ ಅವರ ಶಿಕ್ಷೆಯೂ 7 ವರ್ಷಕ್ಕೆ ಇಳಿಯಿತು. ಶ್ರೀಶಾಂತ್ ಸುಮ್ಮನೆ ಕೂತಿದ್ದರೆ ಅವರ ಅರ್ಜಿಯನ್ನು ಯಾರು ಕೇಳುತ್ತಿದ್ದರು?

ಹೆತ್ತವರಲ್ಲಿ ಒಂದು ವಿನಂತಿ. ಈ ಬರಹವನ್ನು ಕಲೋತ್ಸವದ ಅಪೀಲಿಗೆ ಲಗತ್ತಿಸಬೇಡಿ! ಅಲ್ಲಿ ಹೋದದ್ದು ಒಂದು ಗ್ರೇಡು, ಬರುವ ವರ್ಷ ಮತ್ತೆ ವೇದಿಕೆ ಇದೆ.