ಆ ತಾಯಿಗೆ ಎರಡು ಗಂಟೆ ಬಿಡುವು ಕೊಡುವವರು ಯಾರು?

ಕನ್ನಡದ ತರುಣ ಗೆಳೆಯರೇ,

ಬಾವುಟ ಹಿಡಿದು ಬೀದಿಗಿಳಿಯುವ ನಿಮ್ಮ ಕೈಗಳಿಗೆ ಇವತ್ತು ಬೇರೊಂದು ಕೆಲಸ ಹೇಳಲು ಕೂತಿದ್ದೇನೆ. ಮೂಗು ಮುರಿಯದೆ ಕೇಳಿ. ಬೆಂಗಳೂರಿನಲ್ಲಿ ಈ ಪತ್ರಿಕೆ ಓದುವ ನಿಮ್ಮಲ್ಲಿ ಎಷ್ಟೋ ಜನ ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಕಡೆಯವರೇ. ಹಬ್ಬಕ್ಕೆ ರೈಲು ಹತ್ತಿ ಬರುತ್ತೀರಿ, ಎರಡು ದಿನ ಇದ್ದು, ಹೋಳಿಗೆ ಉಂಡು ಹೋಗುತ್ತೀರಿ. ನಿಮ್ಮ ಬೀದಿಯಲ್ಲೇ ಒಂದು ಮನೆಯಿದೆ. ಆ ಮನೆಯ ಹೆಂಗಸು ವರ್ಷಗಟ್ಟಲೆಯಿಂದ ಒಂದು ಮದುವೆಗೆ ಹೋಗಿಲ್ಲ, ತವರಿಗೆ ಹೋಗಿಲ್ಲ, ತನ್ನ ಹಲ್ಲುನೋವಿಗೆ ಔಷಧಿ ತರಲೂ ಹೋಗಿಲ್ಲ. ಯಾಕೆ? ಕುತ್ತಿಗೆ ನಿಲ್ಲದ, ತಾನಾಗಿ ಉಣ್ಣಲಾಗದ, ಯಾವಾಗ ಪಿಟ್ಸ್ ಬರುತ್ತದೋ ಹೇಳಲಾಗದ ಮಗುವನ್ನು ಎರಡು ಗಂಟೆ ನೋಡಿಕೊಳ್ಳುವ ಇನ್ನೊಂದು ಕೈ ಆ ಮನೆಯಲ್ಲಿಲ್ಲ. ಅಷ್ಟೇ.

ಮುಂದುವರಿದ ದೇಶಗಳಲ್ಲಿ ಇದಕ್ಕೊಂದು ವ್ಯವಸ್ಥೆಯೇ ಇದೆ. ತರಬೇತಿಯಾದ ನರ್ಸೋ ಆಯಾನೋ ಮನೆಗೆ ಬಂದು ಕೂರುತ್ತಾಳೆ, ತಾಯಿ ಹೊರಗೆ ಹೋಗಿ ಬರುತ್ತಾಳೆ. ನಮ್ಮಲ್ಲಿ ಅದಕ್ಕೆ ಹೆಸರೂ ಇಲ್ಲ. ನಾನು ಅದನ್ನು ‘ಬದಲಿ ಕೈ’ ಎನ್ನುತ್ತೇನೆ. ಹೆಸರಿಡುವುದರಲ್ಲಿ ನಮ್ಮ ಸರ್ಕಾರಗಳೇನೂ ಹಿಂದೆ ಬಿದ್ದಿಲ್ಲ ಬಿಡಿ! ಅಂಗವಿಕಲ ಹೋಗಿ ವಿಕಲಚೇತನ ಬಂತು, ಅದೂ ಹೋಗಿ ವಿಶೇಷಚೇತನ ಬಂತು. ಬೋರ್ಡು ಬದಲಾದಷ್ಟು ಬೇಗ ಮನೆಯೊಳಗಿನ ಸ್ಥಿತಿ ಬದಲಾಗಲಿಲ್ಲ.

ಕಾನೂನಿಗೆ ಬರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತನ್ನು ಹೇಳುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ತಾತ್ಕಾಲಿಕ ಆರೈಕೆ ಕೊಡುವ ‘ಸಮರ್ಥ್’, ಆರೈಕೆ ಮಾಡುವವರಿಗೆ ತರಬೇತಿ ಕೊಡುವ ‘ಸಹಯೋಗಿ’ ಎಂಬ ಯೋಜನೆಗಳು ಬಂದವು. ನಮ್ಮ ರಾಜ್ಯ 2024ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿಯಂಥ ಕೆಲವು ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಕೊಡಲಿ, ಬೇಡವೆನ್ನುವುದಿಲ್ಲ. ಆದರೆ ಸಾವಿರ ರೂಪಾಯಿಗೆ ಕಡೂರಿನಲ್ಲಿ ಎಷ್ಟು ದಿನದ ಕೂಲಿ ಬರುತ್ತದೆ, ನೀವೇ ಲೆಕ್ಕ ಹಾಕಿ. ಅಡಿಕೆ ಸುಲಿಯಲು ಬರುವ ಹೆಂಗಸೂ ಆ ದುಡ್ಡಿಗೆ ವಾರ ಪೂರ್ತಿ ನಿಲ್ಲುವುದಿಲ್ಲ. ಆ ತಾಯಿಗೆ ಬೇಕಾಗಿರುವುದು ನೋಟಿಗಿಂತ ಮೊದಲು ಹೊತ್ತು.

ಶಾಲೆಯ ಕಥೆ ಇನ್ನೊಂದು. 6ರಿಂದ 18 ವರ್ಷದವರೆಗೆ ಇಂಥ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ. ತೀವ್ರ ಅಂಗವೈಕಲ್ಯವಿದ್ದರೆ ಮನೆಯಲ್ಲೇ ಕಲಿಯುವ ಆಯ್ಕೆಯನ್ನು 2012ರ ತಿದ್ದುಪಡಿ ಕೊಟ್ಟಿತು. ಗಮನಿಸಿ, ಅದು ಮಗುವಿನ ಆಯ್ಕೆ, ಶಾಲೆಯದ್ದಲ್ಲ. ನಡೆಯುವುದೇನು? ‘ನಮ್ಮಲ್ಲಿ ನೋಡಿಕೊಳ್ಳೋರು ಯಾರೂ ಇಲ್ಲಮ್ಮ, ಮನೇಲೇ ಇರಲಿ’ ಎಂದು ಮೇಷ್ಟ್ರು ಕೈ ಮುಗಿಯುತ್ತಾರೆ. ಇಲ್ಲವೇ ‘ನೀನೂ ಬಂದು ಕೂತ್ಕೊ’ ಎನ್ನುತ್ತಾರೆ. ಮಗನಿಗೆ ಮೂರು ನಾಲ್ಕು ಗಂಟೆಗೊಮ್ಮೆ ನಳಿಕೆ ಹಾಕಿ ಮೂತ್ರ ತೆಗೆಯಬೇಕೆಂದರೆ ತಾಯಿ ಬೆಳಗಿನಿಂದ ಸಂಜೆಯವರೆಗೆ ಶಾಲೆಯ ಜಗಲಿಯಲ್ಲಿ ಕೂರಬೇಕು. ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ಇಬ್ಬರೇ ಸೇರಿ ಐದು ತರಗತಿ ಎಳೆಯುವ ಶಾಲೆಯಲ್ಲಿ ಅವರಾದರೂ ಏನು ಮಾಡಿಯಾರು? ಮನೆಗೆ ಬಂದು ಪಾಠ ಹೇಳುವ ಶಿಕ್ಷಕರೂ ಬ್ಲಾಕಿಗೆ ಬೆರಳೆಣಿಕೆಯಷ್ಟು ಜನ. ಅವರು ಬಂದಾಗಲೂ ತಾಯಿ ಪಕ್ಕದಲ್ಲೇ ಕೂತು ಮಗುವಿನ ತಲೆ ಹಿಡಿದಿರಬೇಕು. ಅದು ಪಾಠವಾಯಿತು, ಬಿಡುವಾಗಲಿಲ್ಲ.

ಅಮೆರಿಕದ ಸೀಡರ್ ರ‍್ಯಾಪಿಡ್ಸ್ ಎಂಬ ಊರಿನಲ್ಲಿ ಗ್ಯಾರೆಟ್ ಎಂಬ ಹುಡುಗನಿದ್ದ. ನಾಲ್ಕು ವರ್ಷದವನಿದ್ದಾಗ ಮೋಟಾರ್ ಸೈಕಲ್ ಅಪಘಾತದಲ್ಲಿ ಬೆನ್ನುಹುರಿ ತುಂಡಾಗಿ ಉಸಿರಾಟಕ್ಕೂ ಯಂತ್ರ ಬೇಕಾಯಿತು. ತಲೆ ಚುರುಕಾಗಿತ್ತು, ಓದುತ್ತಿದ್ದ. ಶಾಲೆಯವರು ‘ಇಷ್ಟು ಹೊತ್ತೂ ಪಕ್ಕದಲ್ಲಿರುವ ನರ್ಸಿನ ಖರ್ಚು ನಮ್ಮದಲ್ಲ’ ಎಂದರು. ಮೊಕದ್ದಮೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1999ರ ಮಾರ್ಚಿನಲ್ಲಿ 7 ನ್ಯಾಯಮೂರ್ತಿಗಳು ಹುಡುಗನ ಪರ, 2 ಜನ ವಿರುದ್ಧ. ಡಾಕ್ಟರೇ ಮಾಡಬೇಕಾದ ಕೆಲಸವಲ್ಲದಿದ್ದರೆ, ಅದಿಲ್ಲದೆ ಮಗು ತರಗತಿಯಲ್ಲಿ ಕೂರಲಾಗದಿದ್ದರೆ, ಅದು ಶಾಲೆಯ ಹೊಣೆ ಎಂದಾಯಿತು. ಅವರ ದುಡ್ಡು ನಮ್ಮಲ್ಲಿಲ್ಲ, ನಿಜ. ಆದರೆ ಆ ವಾದಕ್ಕೆ ಡಾಲರ್ ಬೇಕಿಲ್ಲವಲ್ಲ!

ಅಷ್ಟು ದೂರ ಯಾಕೆ? ಕಾಸರಗೋಡು ನಮ್ಮದು ಎಂದು ಗಂಟಲು ಹರಿದುಕೊಳ್ಳುವ ನಾವು ಅಲ್ಲಿನ ಕನ್ನಡಿಗರ ಮಕ್ಕಳು ಹಗಲು ಎಲ್ಲಿ ಕೂರುತ್ತಾರೆ ಎಂದು ಕೇಳಿದ್ದೇವೆಯೇ? ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಆ ನೆಲದ ಎಷ್ಟು ಮನೆಗಳನ್ನು ಕೆಡಿಸಿತೆಂಬುದು ಲೋಕಕ್ಕೆ ಗೊತ್ತು. ಅಲ್ಲಿ ಪಂಚಾಯಿತಿಗಳು ‘ಬಡ್ಸ್’ ಶಾಲೆಗಳನ್ನು ನಡೆಸುತ್ತವೆ. ಮಗು ಹಗಲು ಅಲ್ಲಿರುತ್ತದೆ, ತಾಯಿ ಬೀಡಿ ಕಟ್ಟಿಯೋ ಕೂಲಿ ಮಾಡಿಯೋ ನಾಲ್ಕು ಕಾಸು ನೋಡುತ್ತಾಳೆ. ಹಾಸಿಗೆ ಹಿಡಿದವರ ಮನೆಗೆ ನರ್ಸು ಹೋಗಿ ನೋಡುವ ಆರೈಕೆ ನೀತಿಯನ್ನು ಕೇರಳ 2008ರಲ್ಲೇ ಮಾಡಿತು. ಇತ್ತ ನಮ್ಮ ದಕ್ಷಿಣ ಕನ್ನಡದಲ್ಲೂ ಜನ ಹೋರಾಡಿದ ಮೇಲೆ ಕೊಕ್ಕಡ, ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳಾದವು. ವಿಷ ಕುಡಿಸಿದ ಮೇಲೆ ಮಾತ್ರ ಸರ್ಕಾರಕ್ಕೆ ಕಣ್ಣು ಕಾಣುವುದಾದರೆ, ವಿಷ ಬೀಳದ ಅಜ್ಜಂಪುರದ ಮಗುವಿನ ಪಾಪವೇನು?

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಕಾರ್ಯಕರ್ತ ಎಂಬ ಏರ್ಪಾಡಿದೆ. ಯಾವ ಮನೆಯಲ್ಲಿ ಎಂಥ ಮಗುವಿದೆ ಎಂಬುದು ಅವರ ಬಾಯಿತುದಿಯಲ್ಲಿರುತ್ತದೆ. ಅವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರು. ಹನ್ನೆರಡು ವರ್ಷದ ಹುಡುಗನನ್ನು ಎತ್ತಿ ಮಲಗಿಸು ಎಂದರೆ ಹೇಗೆ? ಪಟ್ಟಿ ಅವರದ್ದಿರಲಿ, ಎತ್ತುವ ಕೈ ಬೇರೆ ಬೇಕು. ಊರಿನ ಹೆಣ್ಣುಮಕ್ಕಳನ್ನು ಆರಿಸಿ, ತಾಲ್ಲೂಕು ಆಸ್ಪತ್ರೆಯಲ್ಲಿ ತರಬೇತಿ ಕೊಡಿಸಿ, ಗಂಟೆ ಲೆಕ್ಕದಲ್ಲಿ ಸಂಬಳ ಕೊಟ್ಟು ಮನೆಗೂ ಶಾಲೆಗೂ ಕಳಿಸಲಿ. ಸೇವೆ, ತ್ಯಾಗ ಎಂದು ಹೊಗಳಿ ಪುಕ್ಕಟೆ ದುಡಿಸುವ ಚಾಳಿ ಮಾತ್ರ ಬೇಡ. ಆಶಾ ಕಾರ್ಯಕರ್ತೆಯರನ್ನು ಬೀದಿಗೆ ತಂದು ಕೂರಿಸಿದ್ದು ಸಾಕು.

ಈಗ ನಮ್ಮ ಭಾಷೆಯ ವಿಷಯ. ನನ್ನದು ಚಿಕ್ಕ ಪ್ರೆಸ್ಸು, ಪಕ್ಕದಲ್ಲೇ ಜೆರಾಕ್ಸು. ದೊಡ್ಡ ಆಸ್ಪತ್ರೆಗಳಿಗೆ ಹೋಗಿ ಬಂದವರು ಡಿಸ್ಚಾರ್ಜ್ ಚೀಟಿ ಜೆರಾಕ್ಸಿಗೆ ತಂದು ‘ಒಂಚೂರು ಓದಿ ಹೇಳಿ ಅಣ್ಣಾ’ ಎನ್ನುತ್ತಾರೆ. ಪಿಯುಸಿ ಓದಿದ ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಬಿ.ಡಿ. ಎಂದರೆ ದಿನಕ್ಕೆರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ, ಅಷ್ಟನ್ನು ಹೇಳಿಯೇನು. ಮಗುವನ್ನು ಯಾವ ಕೋನದಲ್ಲಿ ಕೂರಿಸಿ ಉಣಿಸಬೇಕು ಎಂಬ ಅರ್ಧ ಪುಟದ ಇಂಗ್ಲಿಷನ್ನು ಜೆರಾಕ್ಸ್ ಅಂಗಡಿಯವನು ಬಿಡಿಸಿ ಹೇಳಬೇಕೇ? 1963ರಲ್ಲೇ ರಾಜಭಾಷಾ ಕಾಯ್ದೆ ಮಾಡಿದ ರಾಜ್ಯವಿದು! ಆ ಚೀಟಿ ಕನ್ನಡದಲ್ಲಿಲ್ಲದ ಕಾರಣಕ್ಕೆ ಅಜ್ಜಿ, ಅತ್ತಿಗೆ, ಪಕ್ಕದ ಮನೆಯವರು ಮಗುವನ್ನು ಮುಟ್ಟಲು ಹೆದರುತ್ತಾರೆ. ಕೆಲಸ ಪೂರ್ತಿ ತಾಯಿಯ ತಲೆಗೇ ಬೀಳುತ್ತದೆ.

ಪಿಟ್ಸ್ ಬಂದರೆ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ. ಅಜ್ಜಂಪುರದ ಈರುಳ್ಳಿ ಸಾರಿಗೆ ಚೆನ್ನ, ಪಿಟ್ಸಿಗೆ ಮದ್ದಲ್ಲ. ಮಗುವನ್ನು ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನೂ ತುರುಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು. ನಾಲ್ಕು ಸಾಲು. ಇದನ್ನು ಕನ್ನಡದಲ್ಲಿ ಅಚ್ಚು ಮಾಡಿ ಅಡುಗೆಮನೆ ಗೋಡೆಗೆ ಅಂಟಿಸಿದರೆ ಎಷ್ಟು ಕೈಗಳಿಗೆ ಧೈರ್ಯ ಬಂದೀತು!

ಆದ್ದರಿಂದ ಮುಂದಿನ ಹಬ್ಬಕ್ಕೆ ಬಂದಾಗ ಆ ಮನೆಗೆ ಹೋಗಿ. ಫೋಟೋ ಬೇಡ, ಹಣ್ಣು ಹಂಚುವುದು ಬೇಡ. ಮೊದಲ ದಿನವೇ ‘ನೀವು ಹೋಗಿ ಬನ್ನಿ ಅಕ್ಕ’ ಎನ್ನಬೇಡಿ, ಅವರು ನಂಬುವುದಿಲ್ಲ, ನಂಬಲೂಬಾರದು. ಮೂರು ನಾಲ್ಕು ಸಲ ಪಕ್ಕದಲ್ಲಿ ಕೂತು ಉಣಿಸುವುದು, ಎತ್ತುವುದು, ಹೊರಳಿಸುವುದು ನೋಡಿ ಕಲಿಯಿರಿ. ಆ ತಾಯಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಡಾಕ್ಟರಿಗೆ ತೋರಿಸಿ ತಿದ್ದಿಸಿ. ಮೂರೂ ತಾಲ್ಲೂಕು ಪಂಚಾಯಿತಿಗಳ ಮುಂದೆ, ಕಡೂರು ಮತ್ತು ತರೀಕೆರೆ ಶಾಸಕರ ಮುಂದೆ, ಬದಲಿ ಕೈಗಳಿಗೆ ಸಂಬಳ ಎಲ್ಲಿ ಎಂದು ಕೇಳುವ ಮನವಿಗೂ ಸಹಿ ಹಾಕಿಸಿ. ಡೆಮಿ ಹಾಳೆ ನಾಲ್ಕು ಮಾಡಿದರೆ ಒಂದು ಕಾರ್ಡು ಆಗುತ್ತದೆ. ಕರಡು ತನ್ನಿ, ಅಚ್ಚಿನ ಕೂಲಿ ನನಗೆ ಬೇಡ, ಕಾಗದದ ದುಡ್ಡು ಕೊಟ್ಟರೆ ಸಾಕು.