ಪಾಯಿಂಟ್ ಟೂಟೂ ರೈಫಲ್ಲು, ಭಾರದ ಗುಂಡು ಮತ್ತು ಕಾಡುಹಂದಿ

ನಮ್ಮ ಹೊಸಪೇಟೆ ಕಡೆ ಕಾಡುಹಂದಿ ಮಾತು ಬಂದ್ರೆ ಸಾಕು, ಯಾರಾದ್ರೂ ಒಬ್ಬರು ಬಂದೂಕು ಪಂಡಿತರು ಹುಟ್ಟಿಕೊಳ್ತಾರೆ. "ಪಾಯಿಂಟ್ ಟೂಟೂ ಸಾಕು ಮಾರಾಯ್ರೇ, ಶಬ್ದಾನೂ ಕಮ್ಮಿ. ಗುಂಡು ಮಾತ್ರ ಭಾರದ್ದು ಹಾಕ್ಬೇಕು, ಒಳಗೆ ಹೋಗಿ ಅರಳೋ ಅಂಥದ್ದು!" ಕೇಳೋಕೆ ಚೆನ್ನಾಗಿದೆ. ಆದ್ರೆ ಇದು ಶುದ್ಧ ತಪ್ಪು ಲೆಕ್ಕ ಗೆಳೆಯರೇ.

ಅರಳುವ ಗುಂಡಿನ ಬಗ್ಗೆ ನನಗೆ ತಕರಾರಿಲ್ಲ. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅದನ್ನ ನಿಷೇಧಿಸಿತು, ನಿಜ. ಕಲ್ಕತ್ತದ ಪಕ್ಕದ ದಮ್‌ದಮ್ ಕಾರ್ಖಾನೆಯಿಂದಲೇ ಅದಕ್ಕೆ 'ದಮ್‌ದಮ್' ಅಂತ ಹೆಸರು ಬಂದದ್ದು. ಆದ್ರೆ ಪ್ರಾಣಿಯ ವಿಷಯದಲ್ಲಿ ಲೆಕ್ಕ ಉಲ್ಟಾ. ಪೂರ್ತಿ ತಾಮ್ರದ ಕವಚ ಇರೋ ಗುಂಡು ಸಣ್ಣ ತೂತು ಮಾಡಿ ಆಚೆ ಹೋಗಿಬಿಡುತ್ತೆ, ಪ್ರಾಣಿ ಓಡಿಹೋಗಿ ಎಲ್ಲೋ ನರಳಿ ಸಾಯುತ್ತೆ. ಅರಳುವ ಗುಂಡು ಬೇಗ ಕೊಲ್ಲುತ್ತೆ. ಅದಕ್ಕೇ ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ರೈಫಲ್ಲಿಗೆ ಅರಳುವ ಗುಂಡನ್ನೇ ಕಡ್ಡಾಯ ಮಾಡಿದೆ.

ನಮ್ಮ ಪಂಡಿತರು ಇಲ್ಲಿಗೇ ನಿಲ್ಲಿಸಿಬಿಡ್ತಾರೆ. ಅದೇ ಕಾಯ್ದೆ ಸಾಮಾನ್ಯವಾಗಿ ಜಿಂಕೆಗೆ ಕನಿಷ್ಠ 0.240 ಇಂಚಿನ ರೈಫಲ್ಲು, 2,305 ಜೂಲ್ ಶಕ್ತಿ ಬೇಕು ಅನ್ನುತ್ತೆ. ಸಾಧಾರಣ ಪಾಯಿಂಟ್ ಟೂಟೂ ತೋಟಾದ್ದು 200 ಜೂಲ್ ದಾಟೋದೂ ಕಷ್ಟ! ಭುಜದ ಮೇಲೆ ದಪ್ಪ ಚರ್ಮದ ಕವಚ ಹೊತ್ತ ಗಂಡು ಹಂದಿಗೆ ಇದು ಯಾವ ಮೂಲೆಗೆ?

ಗುಂಡು ಭಾರ ಮಾಡಿದ್ರೆ? ಮದ್ದು ಅಷ್ಟೇ ಇರುತ್ತೆ, ವೇಗ ಇಳಿಯುತ್ತೆ. ಅರಳೋಕೆ ಬೇಕಾದ್ದೇ ವೇಗ. ವೇಗ ಇಲ್ಲದ ಸಾಫ್ಟ್ ನೋಸ್ ಗುಂಡು ಅರಳದೇ ದಬ್ಬಣದ ಥರ ಚುಚ್ಚುತ್ತೆ ಅಷ್ಟೇ. ಇನ್ನೊಂದು ವಿಷಯ, ಭಾರದ ಗುಂಡು ಉದ್ದ ಇರುತ್ತೆ. ಪಾಯಿಂಟ್ ಟೂಟೂ ನಳಿಗೆಯೊಳಗಿನ ಗೆರೆ ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು. 40 ಗ್ರೇನ್ ಗುಂಡಿಗೆ ಅದು ಸರಿ, 60 ಗ್ರೇನಿಗೆ ಸಾಲದು. ಗುಂಡು ಗಾಳಿಯಲ್ಲೇ ಓಲಾಡಿ ಅಡ್ಡ ತಿರುಗುತ್ತೆ. ಸಣ್ಣ ಬಂದೂಕಿನ ಕೊರತೆಯನ್ನ ಗುಂಡಿನ ತೂಕ ತುಂಬಿಕೊಡಲ್ಲ.

ಆಮೇಲೆ ಗಾಯಗೊಂಡ ಹಂದಿ ಎಲ್ಲಿಗೆ ಹೋಗುತ್ತೆ? ಕಂಪ್ಲಿಯ ಕಬ್ಬಿನ ಗದ್ದೆಗೆ. ಬೆಳಿಗ್ಗೆ ಅಲ್ಲಿಗೆ ಹೋಗೋರು ಕೂಲಿಗೆ ಬಂದ ಹೆಣ್ಣುಮಕ್ಕಳು. ಬಂದೂಕಿನವರು ಮನೆಯಲ್ಲಿ ಮಲಗಿರ್ತಾರೆ.

ಇನ್ನು ಕತ್ತಲಲ್ಲಿ ಶೇಂಗಾ ಹೊಲದಲ್ಲಿ ಕಪ್ಪಗೆ ಅಲುಗಾಡೋದು ಹಂದಿಯೇ ಅಂತ ಯಾರು ಗ್ಯಾರಂಟಿ ಕೊಡ್ತಾರೆ? ಕಮಲಾಪುರ ದಾಟಿದ್ರೆ ದರೋಜಿ ಕರಡಿಧಾಮ, 1994ರಲ್ಲಿ ಘೋಷಣೆಯಾದದ್ದು. ಸಂಜೆಯಾದ್ರೆ ಕರಡಿಗಳು ಬಂಡೆ ಇಳಿದು ಬರುತ್ತವೆ. ಅವಕ್ಕೆ ಧಾಮದ ಗಡಿ, ಹೊಲದ ಬದು ಯಾವುದೂ ಗೊತ್ತಿಲ್ಲ.

ರೈತರ ಕಷ್ಟ ಸುಳ್ಳಾ? ಖಂಡಿತ ಅಲ್ಲ. ಒಂದೇ ರಾತ್ರಿ ಮೆಕ್ಕೆಜೋಳದ ಹೊಲ ಮಲಗಿಸಿ ಹೋದ್ರೆ ಹೊಟ್ಟೆ ಉರಿಯುತ್ತೆ. ಕಾನೂನಿನಲ್ಲೂ ದಾರಿ ಇದೆ. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನ ನಿಷೇಧಿಸಿದ್ರೂ, ಬೆಳೆ ಹಾಳು ಮಾಡೋ ಹಂದಿಯನ್ನ ಕೊಲ್ಲೋಕೆ 11ನೇ ಸೆಕ್ಷನ್ನಿನಲ್ಲಿ ಲಿಖಿತ ಅನುಮತಿ ಕೊಡಬಹುದು. ಕೇರಳ 2022ರಲ್ಲಿ ಆ ಅಧಿಕಾರವನ್ನ ಪಂಚಾಯ್ತಿ ಅಧ್ಯಕ್ಷರವರೆಗೂ ಇಳಿಸಿತು. ಅದು ಸರಿಯೋ ತಪ್ಪೋ ಜಗಳ ಆಡೋಣ, ಆದ್ರೆ ಬಹಿರಂಗವಾಗಿ ಆಡೋಣ. ಅನುಮತಿ ಕೊಟ್ಟರೆ ಗುರಿ ಗೊತ್ತಿರೋ ಕೈಗೆ, ತಕ್ಕ ಬಂದೂಕಿಗೆ ಕೊಡಲಿ. ಅದಕ್ಕೂ ಮೊದಲು ಬೇಲಿಗೆ ದುಡ್ಡು, ಬೆಳೆ ಪರಿಹಾರ ಬೇಗ ಬರಲಿ ಅಂತ ಕೇಳೋಣ.

ಅದು ಬಿಟ್ಟು ಉರುಳು, ಸಿಡಿಮದ್ದು, ಈಗ ಈ ಭಾರದ ಗುಂಡು... ಎಲ್ಲ ಒಂದೇ ಜಾತಿ. ಸದ್ದಾಗಬಾರದು, ಯಾರಿಗೂ ಗೊತ್ತಾಗಬಾರದು, ಪ್ರಾಣಿ ಹೇಗೆ ಸತ್ತರೂ ಪರವಾಗಿಲ್ಲ!

ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಮೇಲೆ ಬೇಟೆಯ ಸಾಲುಗಳಿವೆ. "ನಮ್ಮದು ಬೇಟೆಯ ಪರಂಪರೆ" ಅನ್ನೋರು ಅದನ್ನ ತೋರಿಸ್ತಾರೆ. ನೋಡಿ ಸ್ವಾಮಿ, ಅವರು ಪ್ರಾಣಿಯ ಎದುರಿಗೆ ಈಟಿ ಹಿಡಿದು ನಿಂತವರು. ಶಬ್ದ ಕಮ್ಮಿ ಅಂತ ಬಂದೂಕು ಆರಿಸಿದವರಲ್ಲ.

ನೀವೇನಂತೀರಿ?