ರಾತ್ರಿಯ ಚಿತ್ರಕ್ಕೆ ಸಂಜೆಯೇ ಸುಮುಹೂರ್ತ

ಮುಂಬಯಿಯ ಮಲಬಾರ್ ಹಿಲ್ಲಿನ ಕಮಲಾ ನೆಹರೂ ಉದ್ಯಾನದಿಂದ ಮರೀನ್ ಡ್ರೈವಿನ ದೀಪಗಳು ‘ರಾಣಿಯ ಕಂಠಹಾರ’ವಾಗಿ ತೋರುತ್ತವೆ. ಸೊಲ್ಲಾಪುರ, ಅಕ್ಕಲಕೋಟೆಗಳಿಂದ ಅಲ್ಲಿಗೆ ಹೋಗುವ ನಮ್ಮ ಓದುಗರು ಅದರ ಚಿತ್ರ ತೆಗೆಯಬಯಸುವುದು ಸಹಜ. ಆದರೆ ಮನೆಗೆ ಬಂದು ನೋಡಿದರೆ ಕರಿಯ ಹಲಗೆಯ ಮೇಲೆ ಚೆಲ್ಲಿದ ಬಿಳಿಯ ಚುಕ್ಕೆಗಳಷ್ಟೇ! ಕತ್ತಲು ಪೂರ್ಣವಾಗಲೆಂದು ಕಾದುದೇ ಇದಕ್ಕೆ ಕಾರಣ.

ರಾತ್ರಿಯ ನಗರವನ್ನು ರಾತ್ರಿಯಾಗುವ ಮುನ್ನವೇ ಸೆರೆಹಿಡಿಯಬೇಕೆಂಬುದು ನಮ್ಮ ಅಭಿಮತ. ಸೂರ್ಯಾಸ್ತವಾದ 20-30 ನಿಮಿಷಗಳೊಳಗೆ ಬಾನಿನ ನೀಲಿಯೂ ದೀಪಗಳ ಕಾಂತಿಯೂ ಸಮತೂಕಕ್ಕೆ ಬಂದು, ಕಟ್ಟಡಗಳ ಅಂಚು ಸ್ಪಷ್ಟವಾಗುವುದು. ಇಲ್ಲಿ ಸೂರ್ಯನು ನಮ್ಮ ಬೆನ್ನ ಕಡೆಗೆ ಮುಳುಗುವುದರಿಂದ ಎದುರಿನ ಬಾನು ಬೇಗನೆ ಕಪ್ಪಾಗುತ್ತದೆ. ಆದುದರಿಂದ ಹಗಲಿರುವಾಗಲೇ ಸ್ಥಳ ಗೊತ್ತುಮಾಡಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸುವುದು ಲೇಸು.

ಐ.ಎಸ್.ಓ. 100, ಅಪರ್ಚರ್ ಎಫ್/8 ಇರಿಸಿ 4 ಸೆಕೆಂಡುಗಳಿಂದ ಆರಂಭಿಸಬೇಕು. ಕತ್ತಲೇರಿದಂತೆ 8, 15 ಸೆಕೆಂಡುಗಳಿಗೆ ಹೋಗಬಹುದು. ಬೆರಳಿನ ಒತ್ತಿಗೆ ಅಲುಗದಂತೆ 2 ಸೆಕೆಂಡಿನ ಟೈಮರ್ ಇರಲಿ. ಮೀಟರನ್ನು ಪೂರ್ತಿ ನಂಬಲಾಗದು: ಅದು ಕತ್ತಲನ್ನು ಬೂದುಬಣ್ಣಕ್ಕೆ ತರಹೊರಟು ದೀಪಗಳನ್ನು ಬಿಳುಪಾಗಿಸಿಬಿಡುತ್ತದೆ. ಡಿಜಿಟಲ್ ಚಿತ್ರದಲ್ಲಿ ನೆರಳನ್ನು ಅನಂತರ ತುಸು ಬೆಳಗಿಸಬಹುದು; ಬಣ್ಣಗೆಟ್ಟ ದೀಪವನ್ನು ಮರಳಿ ತರಲಾಗದು. ಮೊಬೈಲಿನವರೂ ದೀಪದ ಮೇಲೆ ಬೆರಳಿಟ್ಟು ಹೊಳಪನ್ನು ತಗ್ಗಿಸಿಕೊಳ್ಳಲಿ.

ಚೌಕಟ್ಟಿನೊಳಗೆ ನಗರವನ್ನೆಲ್ಲ ತುರುಕುವ ಆಸೆ ಸಲ್ಲದು. ತೀರದ ಬಾಗು ಎಡಗಡೆಯ ಚೌಪಾಟಿಯಿಂದ ಹೊರಟು ನೋಟವನ್ನು ನಾರಿಮನ್ ಪಾಯಿಂಟಿನತ್ತ ಒಯ್ಯಲಿ. ದಿಗಂತ ವಾಲದಿರಲಿ, ಬಾನಿಗೆ ಮೂರರಲ್ಲೊಂದು ಪಾಲು ಸಾಕು. ಕಡಲಿನ ಕತ್ತಲೆಗೂ ಇಂಬು ಕೊಡಬೇಕು. ಹಾರದ ಹೊಳಪು ತಿಳಿಯುವುದು ಅದರ ಪಕ್ಕದಲ್ಲಿಯೇ.